ರೋಲರಿನ ಅಡ್ಡಪಟ್ಟಿ

ನಮ್ಮ ಕಾರ್ಮಿಕ ಮಂಡಳಿಯ ಅಧ್ಯಕ್ಷನನ್ನು ನಾವೆಲ್ಲ ಬೆನ್ನ ಹಿಂದೆ ಮೈಕಾಸುರ ಎಂದೇ ಕರೆಯುವುದು. ಮೈಕ್ ಸಿಕ್ಕರೆ ಬಿಡುವ ಆಸಾಮಿಯಲ್ಲ. ಶೋಕಸಭೆಯಲ್ಲೂ ಹಲೋ ಹಲೋ ಎಂದು ಪರೀಕ್ಷೆ ಮಾಡಿ, ಸತ್ತವನಿಗಿಂತ ತನ್ನ ಬಗ್ಗೆಯೇ ಹೆಚ್ಚು ಮಾತಾಡುತ್ತಾನೆ. ಒಂದು ಕಾಲದಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದನಂತೆ. ಆ ಕೈ ಈಗ ಕೈಕುಲುಕುವುದನ್ನು ಬಿಟ್ಟರೆ ಬೇರೆ ಯಾವುದಕ್ಕೂ ಬರುವುದಿಲ್ಲ. ಮಂಡಳಿಯಲ್ಲಿ ನಾನೂ ಸದಸ್ಯೆ. ಹೆಂಗಸರ ಪೈಕಿ ಒಬ್ಬಳಿರಲಿ ಎಂದು ಸೇರಿಸಿಕೊಂಡರು. ಇವಳ ಬಾಯಿ ಇಷ್ಟು ಉದ್ದ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಮೈಕಾಸುರನಿಗೆ ಸೌಜನ್ಯ ಎಂಬ ದೊಡ್ಡ ಕಾಯಿಲೆ ಇದೆ. ಯಾವ ಕಾರ್ಖಾನೆಗೆ ತಪಾಸಣೆಗೆ ಹೋಗುವುದಿದ್ದರೂ ಹಿಂದಿನ ದಿನವೇ ಮಾಲೀಕನಿಗೆ ಫೋನು ಮಾಡುತ್ತಾನೆ. "ನಾಳೆ ಬರ್ತಾ ಇದೀವಿ ಸಾರ್, ನಿಮಗೇನೂ ತೊಂದ್ರೆ ಇಲ್ವಲ್ಲ?" ಪೊಲೀಸರೂ ಹೀಗೆ ಕೇಳಿಕೊಂಡು ಹೋದರೆ ಕಳ್ಳರಿಗೆ ಎಷ್ಟು ಅನುಕೂಲ ನೋಡಿ.

ನನ್ನ ತಂಗಿ ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾಳೆ. ಅವಳು ನಿಲ್ಲುವುದು ಇಸ್ತ್ರಿ ರೋಲರಿನ ಮುಂದೆ. ಮಂಚದಷ್ಟು ಅಗಲದ, ಕಾದು ತಿರುಗುವ ಕಬ್ಬಿಣ ಅದು. ಒದ್ದೆ ಬೆಡ್‌ಶೀಟಿನ ಅಂಚನ್ನು ಇಬ್ಬರು ಹೆಂಗಸರು ಎರಡು ಕಡೆ ಹಿಡಿದು ಅದರ ಬಾಯಿಗೆ ಕೊಡಬೇಕು. ಬಾಯಿಯ ಮುಂದೆ ಒಂದು ಅಡ್ಡಪಟ್ಟಿ ಇದೆ. ಕೈ ತಗುಲಿದರೆ ಅದು ಹಿಂದಕ್ಕೆ ಸರಿದು ರೋಲರ್ ಅಲ್ಲೇ ನಿಲ್ಲುತ್ತದೆ. ನಿಂತರೆ ಮತ್ತೆ ಶುರು ಮಾಡಲು ಹೊತ್ತು ಹಿಡಿಯುತ್ತದೆ, ಸಂಜೆಯ ಲಾರಿಗೆ ಬಟ್ಟೆ ತಯಾರಾಗುವುದಿಲ್ಲ. ಅದಕ್ಕೇ ಸೂಪರ್‌ವೈಸರ್ ಹರಿದ ಬೆಡ್‌ಶೀಟಿನ ಚೂರಿನಿಂದ ಆ ಪಟ್ಟಿಯನ್ನು ಅಲುಗಾಡದಂತೆ ಕಟ್ಟಿಬಿಟ್ಟಿದ್ದ. ತಂಗಿಗಿಂತ ಮುಂಚೆ ಆ ಜಾಗದಲ್ಲಿ ನಿಲ್ಲುತ್ತಿದ್ದವಳ ಬಲಗೈ ಶೀಟಿನ ಜೊತೆಗೇ ಒಳಗೆ ಹೋಯಿತು. ಅವಳದೇ ಅಜಾಗರೂಕತೆ ಎಂದು ಮಾಲೀಕ ಕೈತೊಳೆದುಕೊಂಡ. ಮೈಕಾಸುರ ಆಸ್ಪತ್ರೆಗೆ ಹೂಗುಚ್ಛ ಹಿಡಿದು ಹೋದ. ಬೆರಳಿಲ್ಲದವಳು ಅದನ್ನು ಯಾವ ಕೈಯಲ್ಲಿ ತೆಗೆದುಕೊಳ್ಳಬೇಕು ಎಂದು ಆ ಮಹಾನುಭಾವನಿಗೆ ಹೊಳೆಯಲೇ ಇಲ್ಲ.

ಈಗ ಅದೇ ಜಾಗದಲ್ಲಿ ನನ್ನ ತಂಗಿ. ಮಂಡಳಿಯ ಸಭೆಯಲ್ಲಿ ಕೂಗಾಡಿ, ಮೇಜು ಕುಟ್ಟಿ, ಕೊನೆಗೆ ತಪಾಸಣೆಗೆ ಒಪ್ಪಿಸಿದೆ. ಫೋನು ಎಂದಿನಂತೆ ಹೋಯಿತು.

ನಾವು ಹೋದ ದಿನ ಲಾಂಡ್ರಿ ಮದುವೆಮನೆಯಂತೆ ತೊಳೆದುಕೊಂಡು ನಿಂತಿತ್ತು. ಗೋಡೆಯ ಮೇಲೆ 'ನಿಮ್ಮ ಸುರಕ್ಷತೆಯೇ ನಮ್ಮ ಉಸಿರು' ಎಂಬ ಹೊಸ ಬೋರ್ಡು. ಆ ಉಸಿರಿಗೆ ಇನ್ನೂ ಪೇಂಟಿನ ವಾಸನೆ. ಮಾಲೀಕ ಹಲ್ಲು ಗಿಂಜುತ್ತ ಎದುರುಗೊಂಡ. ರೋಲರಿನ ಅಡ್ಡಪಟ್ಟಿಗೆ ಕಟ್ಟಿದ್ದ ಚೂರು ಮಾಯವಾಗಿತ್ತು. ತಂಗಿ ನನ್ನನ್ನು ಗುರುತೇ ಇಲ್ಲದವಳ ಹಾಗೆ ನೋಡಿದಳು.

"ನಡೆಸಿ ತೋರಿಸ್ರಮ್ಮ" ಎಂದ ಮೈಕಾಸುರ.

ತಂಗಿ ಮತ್ತು ಅವಳ ಜೊತೆಗಾತಿ ಮೊದಲ ಶೀಟು ಕೊಟ್ಟರು. ರೋಲರ್ ನಿಂತಿತು. ಶುರು ಮಾಡಿ ಮತ್ತೆ ಕೊಟ್ಟರು. ಮತ್ತೆ ನಿಂತಿತು. ಮೂರನೆಯದಕ್ಕೂ ಅದೇ ಕಥೆ. ಸೂಪರ್‌ವೈಸರ್ ಬೆವರೊರೆಸಿಕೊಂಡ. ಇಬ್ಬರೂ ಹೆಂಗಸರು ಕೈ ಹೇಗೆ ಹಿಡಿಯಬೇಕೆಂದು ತಿಳಿಯದೆ ಕಕ್ಕಾಬಿಕ್ಕಿಯಾದರು.

ಮೈಕಾಸುರ ಚಪ್ಪಾಳೆ ತಟ್ಟಿದ. "ನೋಡಿ, ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ. ಮುಟ್ಟಿದ್ರೆ ಸಾಕು, ನಿಂತೋಗುತ್ತೆ."

ಉಳಿದ ಸದಸ್ಯರೂ ತಟ್ಟಿದರು. ಅವರ ತಲೆಯೊಳಗೆ ಏನಿದೆಯೋ ದೇವರೇ ಬಲ್ಲ. ನಾನು ಮಾತ್ರ ಆ ಇಬ್ಬರ ಕೈಗಳನ್ನೇ ನೋಡುತ್ತಿದ್ದೆ. ಈ ಹೆಂಗಸರು ಪ್ರತಿ ಶೀಟಿಗೂ ಆ ಪಟ್ಟಿಯ ಮೇಲೆ ಮಣಿಕಟ್ಟು ಊರಿ, ಮುಂದಕ್ಕೆ ಬಾಗಿಯೇ ಕೆಲಸ ಕಲಿತಿದ್ದಾರೆ. ಕಿಟಕಿಯ ಮೇಲೆ ಕೈಯಿಟ್ಟು ಬೀದಿ ನೋಡುವವರ ಹಾಗೆ. ಪಟ್ಟಿಯ ಕಟ್ಟು ಬಿಚ್ಚಿದ ರೋಲರಿನ ಮುಂದೆ ಅವರು ನಿಂತದ್ದು ಇದೇ ಮೊದಲು. ತಂಗಿಯ ಬೆರಳುಗಳು ದಿನವಿಡೀ ಆ ಕಾದ ಬಾಯಿಗೆ ಎಷ್ಟು ಹತ್ತಿರ ಇರುತ್ತವೆ ಎಂಬುದನ್ನು ನಾನು ಕಣ್ಣಾರೆ ಕಂಡೆ.

"ಅಧ್ಯಕ್ಷರೇ, ಯಾಕೆ ನಿಲ್ತಾ ಇದೆ ಅಂತ ಗೊತ್ತಾಯ್ತಾ? ದಿನಾ ಕಟ್ಟಿಟ್ಟು ಕೆಲಸ ಮಾಡಿಸ್ತಾರೆ. ಬಿಚ್ಚಿರೋ ಮೆಷಿನ್ನು ಇವರಿಗೆ ಅಭ್ಯಾಸಾನೇ ಇಲ್ಲ" ಎಂದೆ.

"ನೀವು ಎಲ್ಲದರಲ್ಲೂ ಹುಳುಕು ಹುಡುಕ್ತೀರಮ್ಮ" ಎಂದ ಮೈಕಾಸುರ. ಮಾಲೀಕ "ಬನ್ನಿ ಸಾರ್, ಟೀ ಆರಿ ಹೋಗುತ್ತೆ" ಎಂದ. ಕಾರ್ಮಿಕರ ಹಕ್ಕು ಆರಿದರೂ ಪರವಾಗಿಲ್ಲ, ಟೀ ಆರಬಾರದು. ಇಡೀ ಮಂಡಳಿ ಬಿಸ್ಕತ್ತಿನ ತಟ್ಟೆಯ ಕಡೆಗೆ ಸಾಲಾಗಿ ನಡೆಯಿತು.

ನಾನು ಹೋಗಲಿಲ್ಲ. ಸೂಪರ್‌ವೈಸರ್ ಜೇಬಿನಿಂದ ಬಟ್ಟೆಚೂರು ತೆಗೆದವನು ನನ್ನನ್ನು ಕಂಡು ಪೆಚ್ಚಾಗಿ ನಿಂತ. ಆಗ ತಂಗಿ ಅವನ ಕೈಯಿಂದ ಅದನ್ನು ಕಿತ್ತುಕೊಂಡು, ನನ್ನ ಕಣ್ಣೆದುರೇ ಅಡ್ಡಪಟ್ಟಿಗೆ ಬಿಗಿಯಾಗಿ ಕಟ್ಟಿದಳು.

"ಏನೇ ಇದು? ನಿನಗೋಸ್ಕರ ತಾನೇ ಇಷ್ಟೆಲ್ಲ ಮಾಡಿದ್ದು?"

"ನಿಮ್ಮ ಮಂಡಳಿ ಯಾವಾಗಲೋ ಒಂದ್ಸಲ ಬರುತ್ತೆ ಅಕ್ಕ. ಲಾರಿ ದಿನಾ ಬರುತ್ತೆ. ನೀನೂ ಹೋಗು, ಟೀ ಕುಡಿ."

ಟೀ ಮುಟ್ಟದೆ ಹೊರಗೆ ಬಂದೆ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು?

ಮರುದಿನ ಬೆಳಿಗ್ಗೆ ಲಾಂಡ್ರಿಯ ಬಾಗಿಲು ತೆರೆಯುವಾಗ ನಾನು ಅಲ್ಲಿದ್ದೆ. ಕೆಲಸದ ಹೊತ್ತಿನಲ್ಲಿ ಮಂಡಳಿಯ ಸದಸ್ಯರು ಹೇಳದೆ ಕೇಳದೆ ಯಾವ ಕಾರ್ಖಾನೆಯೊಳಗೆ ಬೇಕಾದರೂ ಹೋಗಬಹುದು ಎಂಬ ನಿಯಮ ಇದೆ. ಅದನ್ನು ಬಳಸುವಷ್ಟು ಪುರುಸೊತ್ತು ಇದುವರೆಗೆ ಯಾರಿಗೂ ಇರಲಿಲ್ಲ, ಅಷ್ಟೆ. ತಂಗಿ ಕಟ್ಟಿದ್ದ ಗಂಟನ್ನು ನಾನೇ ಬಿಚ್ಚಿ, ಒಂದು ಬುಟ್ಟಿ ಬೋರಲು ಹಾಕಿಕೊಂಡು ರೋಲರಿನ ಪಕ್ಕ ಕೂತೆ. ರೋಲರ್ ನಿಲ್ಲುತ್ತ ನಿಲ್ಲುತ್ತ ನಡೆಯಿತು. ಒದ್ದೆ ಬಟ್ಟೆ ಗುಡ್ಡೆ ಬಿತ್ತು. ಸಂಜೆ ಲಾರಿ ಅರ್ಧ ಖಾಲಿ ಹೋಯಿತು. ಮಾಲೀಕ ಮೈಕಾಸುರನಿಗೆ ಫೋನು ಮಾಡಿದ, ಮೈಕಾಸುರ ನನಗೆ ಮಾಡಿದ. "ಏನ್ರೀ ಇದು, ಒಂದು ಸೌಜನ್ಯ ಬೇಡ್ವಾ?" ನಾನು ಫೋನನ್ನು ರೋಲರಿನ ಹತ್ತಿರ ಹಿಡಿದು ಅದರ ಸದ್ದು ಕೇಳಿಸಿದೆ.

ಅದರ ಮರುದಿನವೂ ಹೋದೆ, ಆಮೇಲೂ ಬಿಡಲಿಲ್ಲ. ಆಸ್ಪತ್ರೆಯವರು ಮಾಲೀಕನಿಗೆ ಉಗಿದರು. ಮಾಲೀಕ ಸೂಪರ್‌ವೈಸರಿಗೆ ಉಗಿದ, ಸೂಪರ್‌ವೈಸರ್ ಹೆಂಗಸರಿಗೆ. ಉಗಿಯಲು ಕೆಳಗೆ ಯಾರೂ ಇಲ್ಲದ ಹೆಂಗಸರು ನನ್ನ ಕಡೆ ತಿರುಗಿದರು. ಹೊತ್ತು ಮೀರಿ ನಿಂತು ಅವರಿಗೆ ಸೊಂಟ ಬಿದ್ದುಹೋಗಿತ್ತು, ಮನೆಯಲ್ಲಿ ಮಕ್ಕಳು ಕಾಯುತ್ತಿದ್ದವು. ನನ್ನ ಬುಟ್ಟಿಯ ಮೇಲೆ ಯಾರೋ ನೀರು ಸುರಿದಿಟ್ಟರು. ಒದ್ದೆಯಲ್ಲೇ ಕೂತೆ.

ವಾರದ ಕೊನೆಗೆ ತಂಗಿಗೆ ತಡೆಯಲಾಗಲಿಲ್ಲ. ಎಲ್ಲರೆದುರು ನನ್ನ ಮುಂದೆ ಬಂದು ನಿಂತಳು.

"ನೀನು ಅಕ್ಕ ಅಲ್ಲ, ಹಿಂದಿನ ಜನ್ಮದ ಶತ್ರು. ನಮ್ಮ ಹೊಟ್ಟೆ ಮೇಲೆ ಹೊಡೆಯೋಕೇ ಬಂದಿದೀಯ. ನೀನು ಹಾಳಾಗಿ ಹೋಗ" ಎಂದು ಎರಡೂ ಕೈಗಳನ್ನು ನನ್ನ ಮುಖದ ಹತ್ತಿರ ತಂದು ನೆಟಿಗೆ ಮುರಿದಳು.

ಲಟಲಟ ಸದ್ದಾಯಿತು. ನಾನು ಅವಳ ಮುಖ ನೋಡಲಿಲ್ಲ, ಬೆರಳು ಎಣಿಸಿದೆ. ಹತ್ತೂ ಇದ್ದವು.