ಅಡ್ಡ ಹಿಡಿದ ಕೈ

ಗೆಜ್ಜಲಗೆರೆಯ ಗಾರ್ಮೆಂಟ್ಸಿನಲ್ಲಿ ಊಟದ ಹೊತ್ತಿಗೆ ಎಲ್ಲರೂ ರೀಲ್ಸ್ ನೋಡಿದರೆ ನಾನು ಮೊಬೈಲಿನಲ್ಲಿ ಮೂಳೆ ಕೂಡಿಸುತ್ತಿದ್ದೆ. ಅದೊಂದು ಡಾಕ್ಟರ್ ಆಟ. ಮುರಿದ ಕೈಯ ಎಕ್ಸ್‌ರೇ ಬರುತ್ತದೆ, ಹೇಗೆ ಮುರಿಯಿತು ಅಂತಲೂ ಬರೆದಿರುತ್ತದೆ. ಎಲ್ಲಿ ಮುರಿದಿದೆ ಅಂತ ಬೆರಳಿಟ್ಟು ತೋರಿಸಿ, ಚರ್ಮ ಕುಯ್ದು, ತುಂಡು ಜೋಡಿಸಿ ಸ್ಕ್ರೂ ಹಾಕಬೇಕು. ಸರಿಯಾದರೆ ಮೂರು ನಕ್ಷತ್ರ. ರಕ್ತ ಕಂಡರೆ ನನಗೇನೂ ಆಗುವುದಿಲ್ಲ, ಮದುವೆಯಾಗಿ ಆರು ವರ್ಷ ಆಯಿತಲ್ಲ.

ನಿನ್ನೆ ಸಂಜೆ ಒಲೆ ಮುಂದೆ ಅದನ್ನೇ ಆಡುತ್ತಾ ಕೂತೆ, ಮುದ್ದೆ ಗಂಟುಗಂಟಾಯಿತು. ನನ್ನ ಗಂಡ ಶಶಿಧರ ತುತ್ತು ಬಾಯಿಗಿಟ್ಟವನೇ ತಟ್ಟೆ ಎಸೆದ. ಮುದ್ದೆ ತಿರುವುವ ಕೋಲು ಕಿತ್ತುಕೊಂಡು ನನ್ನ ತಲೆಗೇ ಬೀಸಿದ. ಎಡಗೈ ಅಡ್ಡ ಹಿಡಿದೆ. ಲಟಕ್ಕೆಂದಿತು. ಬಿದ್ದ ಮೇಲೂ ಸೊಂಟಕ್ಕೆ ಎರಡು ಒದ್ದ, ಪಾಪಿ.

ಬೆಳಿಗ್ಗೆ ಮಂಡ್ಯದ ಆಸ್ಪತ್ರೆಗೆ ಬರುವಾಗ ಬಸ್ಸಿನುದ್ದಕ್ಕೂ ಅತ್ತೆ ದೇವಿರಮ್ಮ ಕಿವಿ ಕೊರೆದಳು. "ಬಚ್ಚಲಲ್ಲಿ ಜಾರ್ ಬಿದ್ದೆ ಅನ್ನು ಕಣಮ್ಮಿ. ಮನೆ ಮರ್ವಾದಿ ಉಳ್ಸು."

ಹಿಂದಿನ ಸೀಟಿನಿಂದ ಶಶಿಧರ ಬಗ್ಗಿ, "ಬಾಯ್ ಬುಟ್ಟೋ, ಇನ್ನೊಂದ್ ಕೈನೂ ಮುರ್ದಾಕ್ತೀನಿ" ಅಂದ.

ಹೋದ ವರ್ಷ ಹಲ್ಲು ಮುರಿದಾಗಲೂ ಬಚ್ಚಲು ಅಂತಲೇ ಬರೆಸಿದ್ದೆ. ಈ ಸಲವೂ ಹಾಗೇ ಬರೆಸಿದರೆ ಮುಂದಿನ ಸಲ ಇವನು ನನ್ನ ಹೆಣ ಹಾಕುತ್ತಾನೆ ಅಂತ ಗೊತ್ತಿತ್ತು. ಆದರೂ ಹೆದರಿಕೆ, ಸುಳ್ಳೇಕೆ ಹೇಳಲಿ.

ಡಾಕ್ಟರ್ ತನ್ಮಯಿ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಶಶಿಧರ ನನ್ನ ಬೆನ್ನ ಹಿಂದೆಯೇ ನಿಂತಿದ್ದ. "ಹೇಗಾಯ್ತು?"

"ಬಚ್ಚಲಲ್ಲಿ ಜಾರುದ್ಲು ಕಣವ್ವ," ಅತ್ತೆ ಬಾಯಿ ಹಾಕಿದಳು. ಡಾಕ್ಟರ್ ಪೆನ್ನು ತೆಗೆದರು.

ನಾನು ಎಕ್ಸ್‌ರೇ ನೋಡಿದೆ. ಆಟದಲ್ಲಿ ನೂರು ಸಲ ಕೂಡಿಸಿದ ಮೂಳೆ ಅದು. ಕೈಯೂರಿ ಬಿದ್ದವರಿಗೆ ಹೆಚ್ಚಾಗಿ ಮಣಿಕಟ್ಟಿನ ಹತ್ತಿರ ಮುರಿಯುತ್ತದೆ. ಏಟಿಗೆ ಅಡ್ಡ ಹಿಡಿದವರಿಗೆ ಮುಂಗೈಯ ಕಿರುಬೆರಳ ಕಡೆಯ ಮೂಳೆ, ನಟ್ಟನಡುವೆ. ನನ್ನದು ನಟ್ಟನಡುವೆ. ಪಕ್ಕದಲ್ಲಿ ಅತ್ತೆ ಸೆರಗು ಸರಿಮಾಡಿಕೊಂಡಳು. ಅವಳ ಎಡಗೈಯಲ್ಲೂ ಅದೇ ಜಾಗದಲ್ಲಿ ಹಳೆಯ ಗಂಟು. ಮಾವ ಬದುಕಿದ್ದಾಗ ಬಚ್ಚಲಲ್ಲಿ ಜಾರಿದ್ದು ಅಂತ ಅವಳೇ ಹೇಳಿದ್ದಳು, ನಾನೂ ನಂಬಿದ್ದೆ.

"ಬರೀಬ್ಯಾಡಿ ಡಾಕ್ಟ್ರೇ," ಅಂದೆ. "ನಾನ್ ಬಿದ್ದಿಲ್ಲ. ಇವ್ನೇ ವಡ್ದಿದ್ದು. ಅತ್ತೆ ಕೈನೂ ನೋಡಿ, ಅದೂ ಬಚ್ಚಲಲ್ಲ."

ಅತ್ತೆ ಕೈ ಮುಚ್ಚಿಕೊಳ್ಳಲು ಹೋದವಳು ಹಾಗೇ ನಿಂತಳು. ಆಮೇಲೆ, "ಊ ಕಣವ್ವ, ಬರ್ಕೊ" ಅಂದಳು.

"ಲೇ ಮುದ್ಕಿ!" ಶಶಿಧರ ಹೆತ್ತವಳ ಮೇಲೆಯೇ ಕೈ ಎತ್ತಿದ. ಅವಳು ಆ ಸೊಟ್ಟ ಕೈಯನ್ನೇ ಅಡ್ಡ ಹಿಡಿದಳು.

ಮೇಜಿನ ಮೇಲೆ ಸ್ಟೀಲಿನ ಫ್ಲಾಸ್ಕಿತ್ತು. ಬಲಗೈಯಲ್ಲಿ ಎತ್ತಿ ಅವನ ಮೂಗಿಗೆ ಬಾರಿಸಿದೆ. ಲಟಕ್ಕೆಂದಿತು. ಅಂಗಿಯೆಲ್ಲ ರಕ್ತ ಮಾಡಿಕೊಂಡು ನೆಲಕ್ಕೆ ಕೂತ.

"ಇದ್ನೂ ಬರ್ಕೊಳಿ ಡಾಕ್ಟ್ರೇ," ಅಂದೆ. "ಬಚ್ಚಲಲ್ಲಿ ಜಾರಿದ್ದಲ್ಲ. ಎಂಡ್ತಿ ವೀಣ ವಡ್ದಿದ್ದು."