ಚೀಲದಲ್ಲೇ ಉಳಿದ ಸರ್ಟಿಫಿಕೇಟ್

ದೂರದ ಆಸ್ಪತ್ರೆಯ ಮಂಚದ ಮೇಲೆ ನನ್ನ ಹಿರಿಮಗಳು ಶಿವಗಂಗ ನನ್ನಿಂದ ಮಾತು ತೆಗೆದುಕೊಂಡಿದ್ದಳು: "ನನಗ ಕ್ಷಯ ಅಂತ ಯಾರಿಗೂ ಹೇಳಬ್ಯಾಡಬೇ ಯವ್ವಾ. ತಂಗಿಗೆ ಗಂಡು ಸಿಗಂಗಿಲ್ಲ." ಹೇಳುವುದಿಲ್ಲ ಎಂದಿದ್ದೆ.

ಆ ವರ್ಷ ನರ್ಸಿಂಗ್ ಬಿ.ಎಸ್ಸಿ.ಯ ಕೊನೆಯ ಪರೀಕ್ಷೆಯಲ್ಲಿ ಅವಳ ಅಂಕಗಳು ನೆಲಕಚ್ಚಿದವು. ಮೂರು ವರ್ಷದ ಮೇಲೆ, ಪೂರ್ತಿ ವಾಸಿಯಾದ ಅವಳ ಎಂ.ಎಸ್ಸಿ. ಅರ್ಜಿ ಕೊಡಲು ನಾನು ಗಿರಣಿ ಕೆಲಸಕ್ಕೆ ರಜೆ ಹಾಕಿ, ಕುರುಗೋಡಿನಿಂದ ಅವಳ ಜೊತೆ ಬಳ್ಳಾರಿಗೆ ಬಂದೆ. ಆಗಿನ ಕಾಯಿಲೆಗೆ ಡಾಕ್ಟರು ಕೊಟ್ಟ ಸರ್ಟಿಫಿಕೇಟ್, ಬೇಕಾದೀತೆಂದು, ನನ್ನ ಚೀಲದಲ್ಲಿತ್ತು.

ಕಾಲೇಜಿನ ಗುಮಾಸ್ತರು ಅಂಕಪಟ್ಟಿ ನೋಡಿದರು. "ಮೊದಲೆಲ್ಲಾ ಫಸ್ಟ್ ಕ್ಲಾಸು, ಕೊನಿಗೆ ಯಾಕವ್ವಾ ಹಿಂಗ? ಜಡ್ಡಾಗಿದ್ರ ಸರ್ಟಿಫಿಕೇಟ್ ಹಚ್ರಿ, ಕಮಿಟಿಯವ್ರು ವಿಚಾರ ಮಾಡ್ತಾರ."

ನಾನು ಚೀಲಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಅವರು ಅರ್ಜಿಯಲ್ಲಿದ್ದ ತಂದೆಯ ಹೆಸರು ಓದಿದರು. "ಅರೆ, ಕೊಟ್ರಬಸಪ್ಪನ ಮನಿಯವ್ರಾ! ಸಣ್ಣ ಮಗಳನ್ನ ನಮ್ಮ ಸಿರುಗುಪ್ಪಕ್ಕ ಕೊಡ್ತೀರಂತಲ್ಲ? ಹುಡುಗ ನಮ್ಮ ಓಣಿಯವನ."

ಶಿವಗಂಗ ನನ್ನ ಮಣಿಕಟ್ಟು ಹಿಡಿದಳು. "ಜಡ್ಡು ಗಿಡ್ಡು ಏನಿಲ್ರಿ. ಓದಲಿಲ್ಲ, ಅಷ್ಟ."

"ಸಿನಿಮಾ ಹುಚ್ಚೇನು? ಹೌದೇನಬೇ ತಾಯಿ?" ಎಂದು ನಕ್ಕು ನನ್ನನ್ನು ಕೇಳಿದರು.

"ಹೌದ್ರಿ" ಎಂದೆ.

ಶ್ರಾವಣದಲ್ಲಿ ಸಣ್ಣವಳ ಲಗ್ನವಾಯಿತು. ಶಿವಗಂಗಳಿಗೆ ಸೀಟು ಸಿಗಲಿಲ್ಲ. ನಾನು ಕೊಟ್ಟ ಮಾತು ಉಳಿಸಿಕೊಂಡೆ.