ಕಬ್ಬಿಣ ಸೋಂಕಿದ ತಂಗಡಿ ಚಕ್ಕೆ

ತಂಗಡಿ ಗಿಡದ ತೊಗಟೆಯ ಕಷಾಯಕ್ಕೆ ಕೀವಿನ ರೋಗಾಣುಗಳನ್ನು ತಡೆಯುವ ಶಕ್ತಿಯಿಲ್ಲ ಎಂದು ಅಕ್ರಂ ಪಾಷಾ ವರದಿ ಬರೆದು ಸಹಿ ಹಾಕಿದ್ದ. ಅದನ್ನು ಓದಿದ ಪ್ರಯೋಗಶಾಲೆಯ ಮುಖ್ಯ ಡಾಕ್ಟರು, ಮದ್ದೂರು ಕಡೆಯ ಕೊಪ್ಪದಲ್ಲಿ ನಾಟಿ ಮದ್ದು ಮಾಡುವ ಮಂಚಮ್ಮ ಇನ್ನು ಮುಂದೆ ಯಾರ ಗಾಯವನ್ನೂ ಆ ಕಷಾಯದಲ್ಲಿ ತೊಳೆಯಕೂಡದು ಎಂದು ಆಜ್ಞೆ ಬರೆಸಿ, ತಲುಪಿಸಿ ಬರಲು ಅವನನ್ನೇ ಕಳಿಸಿದರು.

ಅದು ಎರಡನೆಯ ಮಹಾಯುದ್ಧದ ನಾಲ್ಕನೆಯ ವರ್ಷ. ಹಡಗಿನಲ್ಲಿ ಸೀಮೆಯ ಔಷಧಿ ಬರುವುದು ನಿಂತಿತ್ತು. ನಮ್ಮ ಗಿಡಮೂಲಿಕೆಗಳಲ್ಲಿ ಏನಿದೆ ಎಂದು ನೋಡಲು ಮಂಡ್ಯದಲ್ಲಿ ಒಂದು ಕೋಣೆಯ ಪ್ರಯೋಗಶಾಲೆ ತೆರೆದಿದ್ದರು. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿದ ಅಕ್ರಂ ಅಲ್ಲಿ ಹಂಗಾಮಿ ನೌಕರ. ತೊಗಟೆಯ ತೂಕ, ನೀರಿನ ಅಳತೆ, ಕುದಿಸಿದ ಹೊತ್ತು ಎಲ್ಲವೂ ಅವನ ಪುಸ್ತಕದಲ್ಲಿ ಒಂದೂ ಚಿತ್ತಿಲ್ಲದೆ ಇರುತ್ತಿದ್ದವು.

ಪರೀಕ್ಷೆಯ ಚಕ್ಕೆಯನ್ನು ಮಂಚಮ್ಮನಿಂದಲೇ ಕೇಳಿ ತಂದಿದ್ದ ಅವನು ಮತ್ತೆ ಕೊಪ್ಪಕ್ಕೆ ಹೋದಾಗ ಆಕೆಯ ಜಗಲಿಯ ಮೇಲೆ ಲಿಂಗಯ್ಯ ಕಾಲು ಚಾಚಿ ಕೂತಿದ್ದ. ಕಬ್ಬು ಕಡಿಯುವಾಗ ಮಚ್ಚು ಜಾರಿ ಮೊಣಕಾಲ ಕೆಳಗೆ ಆಗಿದ್ದ ಗಾಯ ಕೀವು ಕಟ್ಟಿತ್ತು. ಆಜ್ಞೆಯನ್ನು ಅಕ್ರಂ ಓದಿ ಹೇಳಿದ. ಮಂಚಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು.

"ಅಂಗಾರೆ ಇವ್ನ ಎಲ್ಲಿಗೆ ಕಳುಸ್ಲಿ ಸಾಬ್ರೇ?"

ಮದ್ದೂರಿನ ಆಸ್ಪತ್ರೆಯಲ್ಲಿ ಮುಲಾಮು ತೀರಿ ತಿಂಗಳಾಗಿದ್ದು ಇಬ್ಬರಿಗೂ ಗೊತ್ತಿತ್ತು. ಅಕ್ರಂ ಚೀಲದಿಂದ ತನ್ನ ಕಷಾಯದ ಸೀಸೆ ತೆಗೆದು ತೋರಿಸಿದ. ಪರೀಕ್ಷೆ ಮಾಡಿದ್ದು ಇದನ್ನೇ ಎಂದ. ಆಕೆ ಅದನ್ನು ಬಿಸಿಲಿಗೆ ಹಿಡಿದು ನೋಡಿದಳು.

"ನಾನು ಕೊಟ್ಟಿದ್ದು ಚಕ್ಕೆ. ಇದು ಮಸಿ. ಯಾತ್ರಲ್ಲಿ ಕುದುಸುದ್ರಿ?"

"ಬಾಣಲೆಯಲ್ಲಿ. ಕಬ್ಬಿಣದ್ದು."

"ಓದ್ದೋರು ಅಂದ್ಕಂಡಿದ್ದೆ," ಎಂದಳು ಮಂಚಮ್ಮ. ಲಿಂಗಯ್ಯ ನೋವಿನಲ್ಲೂ ನಕ್ಕ. ಆಕೆ ಮುಂದುವರಿಸಿದಳು: "ಕಬ್ಣ ಸೋಂಕುದ್ರೆ ಗಿಡ ಮುನುಸ್ಕತದೆ ಅಂತ ಅವತ್ತೇ ಏಳಿದ್ನಲ್ಲ."

ಹೇಳಿದ್ದು ನಿಜ. ಆಕೆ ತಂಗಡಿ ಚಕ್ಕೆಯನ್ನು ಕಲ್ಲಿನಿಂದಲೇ ಜಜ್ಜಿ ಬಿಡಿಸುತ್ತಿದ್ದಳು, ಮಡಕೆಯಲ್ಲೇ ಕುದಿಸುತ್ತಿದ್ದಳು. ಅವನು ತಲೆಯಾಡಿಸಿದ್ದನೇ ಹೊರತು ಬರೆದುಕೊಂಡಿರಲಿಲ್ಲ. ಗಿಡದ ಮುನಿಸಿಗೆ ಅವನ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಗಾಜಿನ ಪಾತ್ರೆ ಒಡೆದು ಹೊಸದು ಸಿಗದೆ, ಪಕ್ಕದ ಹೋಟೆಲಿನಿಂದ ಬಾಣಲೆ ತಂದದ್ದನ್ನೂ ಬರೆದಿರಲಿಲ್ಲ.

ಬೈಸಿಕಲ್ ತುಳಿಯುತ್ತ ಹಿಂದಿರುಗುವಾಗ ಅವನಿಗೆ ಕಾಲೇಜು ನೆನಪಾಯಿತು. ಅಳಲೆಕಾಯಿಯ ರಸಕ್ಕೆ ಅನ್ನಭೇದಿ ಉಪ್ಪು ಹಾಕಿ ತಾನೇ ಮಸಿ ಮಾಡಿದ್ದ. ಕಾಯಿಯ ಒಗರು ಕಬ್ಬಿಣದ ಉಪ್ಪಿನೊಡನೆ ಕೂಡಿಕೊಂಡು ಕಪ್ಪಾಗುತ್ತದೆ, ಆಮೇಲೆ ಮೊದಲಿನ ಗುಣ ಉಳಿಯುವುದಿಲ್ಲ. ತಂಗಡಿ ಚಕ್ಕೆಯಲ್ಲಿ ಇರುವುದೂ ಅದೇ ಒಗರು. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ಸಂಗತಿ ಬಾಣಲೆಯ ಮುಂದೆ ನಿಂತಾಗ ಹೊಳೆದಿರಲಿಲ್ಲ.

ಮರುದಿನ ಸಂತೆಯಿಂದ ಹೊಸ ಮಡಕೆ ತಂದ. ರೋಗಾಣು ಬಿತ್ತಿದ ತಟ್ಟೆಯ ಮೆತ್ತನೆಯ ಹೆಪ್ಪಿನಲ್ಲಿ ಎರಡು ಕುಳಿ ತೆಗೆದು, ಒಂದಕ್ಕೆ ಮಡಕೆಯ ಕೆಂಪು ಕಷಾಯ, ಇನ್ನೊಂದಕ್ಕೆ ಬಾಣಲೆಯದು ತುಂಬಿಸಿದ. ಒಂದು ದಿನ ಕಳೆದ ಮೇಲೆ ನೋಡಿದರೆ ಕಪ್ಪು ಕಷಾಯದ ಅಂಚಿನವರೆಗೂ ರೋಗಾಣು ಮುತ್ತಿತ್ತು. ಕೆಂಪು ಕಷಾಯದ ಸುತ್ತ ಬೆರಳಗಲ ಏನೂ ಬೆಳೆದಿರಲಿಲ್ಲ. ನಂಬದೆ ಮತ್ತೆರಡು ಸಲ ಮಾಡಿದ. ರೋಗಾಣು ಇಲ್ಲದ ಬಯಲು ಅಷ್ಟೇ ಅಗಲ ಬಂತು.

ಡಾಕ್ಟರು ಎರಡನೆಯ ವರದಿಯನ್ನು ಓದಿ ಕನ್ನಡಕ ತೆಗೆದರು. ಅವನ ಕೆಲಸ ಖಾಯಂ ಆಗುವ ಹೊತ್ತಿನಲ್ಲಿ ಇದನ್ನು ಮೇಲಕ್ಕೆ ಕಳಿಸುವುದು ಒಳ್ಳೆಯದಲ್ಲ ಎಂದರು.

"ಎರಡು ವರದಿಗಳಲ್ಲಿ ಯಾವುದನ್ನು ನಂಬಬೇಕು ಅಂತ ಕೇಳ್ತಾರೆ."

"ಎರಡೂ ನಡೆದದ್ದೇ ಸರ್. ಮೊದಲನೆಯದರಲ್ಲಿ ಬಾಣಲೆಯ ವಿಷಯ ಬಿಟ್ಟಿದ್ದೆ. ತಪ್ಪು ನನ್ನದು ಅಂತ ಬರೆದಿದ್ದೀನಿ."

ಡಾಕ್ಟರು ಆ ಸಾಲನ್ನು ಇನ್ನೊಮ್ಮೆ ಓದಿದರು. ಆಮೇಲೆ ಆಜ್ಞೆಯ ಪ್ರತಿಯ ಮೇಲೆ ಅಡ್ಡಗೆರೆ ಎಳೆದು ಕೊಟ್ಟರು.

ಅದನ್ನು ಹಿಡಿದು ಅಕ್ರಂ ಕೊಪ್ಪಕ್ಕೆ ಹೋದಾಗ ಎಂಟು ದಿನವಾಗಿತ್ತು. ಲಿಂಗಯ್ಯನ ಗಾಯ ಇನ್ನಷ್ಟು ಬಾತಿತ್ತು. ಆ ಎಂಟು ದಿನ ಯಾರ ಲೆಕ್ಕಕ್ಕೆ ಸೇರಿದ್ದು ಎಂದು ಯಾರೂ ಅವನಿಗೆ ಹೇಳಬೇಕಾಗಿರಲಿಲ್ಲ. ಮಂಚಮ್ಮ ಕಾಗದವನ್ನು ನೋಡಲಿಲ್ಲ. ಒಲೆಯ ಮೇಲಿನ ಮಡಕೆಯನ್ನು ಇಳಿಸುತ್ತ ಅವನ ಕೈಯಲ್ಲಿದ್ದ ಕೊಡೆಯ ಕಡೆ ನೋಡಿದಳು.

"ಕೊಡೆ ಆಚೆ ಮಡುಗಿ ಬನ್ನಿ ಸಾಬ್ರೇ. ಅದ್ರಲ್ಲೂ ಕಬ್ಣ ಅದೆ."

ಮಾರು ದೂರದ ಕೊಡೆಯ ಕಡ್ಡಿಯಿಂದ ಮಡಕೆಯೊಳಗಿನ ಕಷಾಯಕ್ಕೆ ಏನೂ ಆಗದು. ಅಕ್ರಂಗೆ ಅದು ಚೆನ್ನಾಗಿ ಗೊತ್ತಿತ್ತು. ಅವನು ಹೊರಗೆ ಹೋಗಿ, ಕೊಡೆಯನ್ನು ಬೇಲಿಗೆ ಒರಗಿಸಿ ಬಂದು, ಲಿಂಗಯ್ಯನ ಕಾಲು ಅಲುಗದಂತೆ ಹಿಡಿದು ಕೂತ.